ಕ್ಯಾರಿಯರ್ ಮೇಲೆ ಕುಳಿತ ಒಲೆ

ಕೆಲವರು ಕೆಲಸವನ್ನು ಸೋಮಾರಿತನದಿಂದ ಮುಂದೂಡುತ್ತಾರೆ. ನಾನು ಪೂರ್ವಸಿದ್ಧತೆಯಿಂದ ಮುಂದೂಡುವವನು. ಇದರಲ್ಲಿ ಮರ್ಯಾದೆ ಉಳಿಯುತ್ತದೆ.

ನನ್ನ ಹೆಂಡತಿ ಶರಣಮ್ಮನಿಗೆ ಒಂದು ಆಸೆ ಇತ್ತು. ಕಲ್ಯಾಣದಿಂದ ಹುಮನಾಬಾದಿನ ತವರಿಗೆ ಬಂಡಿಯಲ್ಲಲ್ಲ, ನನ್ನ ಸೈಕಲ್ಲಿನ ಹಿಂದೆ ಕುಳಿತು ಹೋಗಬೇಕು. ನಡುದಾರಿಯ ಹುಣಸೆಮರದ ಕೆಳಗೆ ಚಹಾ ಕಾಸಿ ಕುಡಿಯಬೇಕು. ನಾನು ತಕ್ಷಣ ಒಪ್ಪಿದೆ. "ಆದರ ಮೊದಲ ಒಂದು ಛಲೋ ಒಲಿ ಬೇಕಲ್ಲ," ಎಂದೆ. ಒಲೆ ಆರಿಸುವುದು ಸಣ್ಣ ಕೆಲಸವಲ್ಲ. ಹಿತ್ತಾಳೆಯ ಪಂಪಿನ ಸ್ಟೋವ್ ಜೋರಾಗಿ ಉರಿಯುತ್ತದೆ, ಆದರೆ ಅದರ ಸಪ್ಪಳಕ್ಕೆ ದಾರಿಯ ಎತ್ತುಗಳು ಬೆದರುತ್ತವೆ. ಬತ್ತಿಯ ಸ್ಟೋವ್ ಸಾಧು, ಆದರೆ ನಮ್ಮ ಬಯಲಿನ ಗಾಳಿಗೆ ಆರಿಹೋಗುತ್ತದೆ. ಸ್ಪಿರಿಟ್ಟಿನದು ಹಗುರ, ಆದರೆ ಸ್ಪಿರಿಟ್ ಕೇಳಿದರೆ ಔಷಧದಂಗಡಿಯವನು ಮೊದಲು ನನ್ನ ಬಾಯಿಯ ವಾಸನೆ ನೋಡುತ್ತಾನೆ. ಸ್ಟೋವ್ ಅಂಗಡಿಯ ಖಾಸಿಂ ಸಾಹೇಬರು ಎರಡು ವರ್ಷ ತಾಳಿಕೊಂಡು ಕೊನೆಗೆ ಕೇಳಿಯೇಬಿಟ್ಟರು: "ಮಾಸ್ತರ್ ಸಾಬ್, ಒಲಿ ಖರೀದಿ ಮಾಡಾಕತ್ತೀರೋ, ಹೆಣ್ಣ ನೋಡಾಕತ್ತೀರೋ?" ಅಷ್ಟರಲ್ಲಿ ಯುದ್ಧ ಬಂತು, ಸ್ಟೋವಿಗೆ ಹಾಕುವ ಚಿಮಣಿ ಎಣ್ಣೆ ಸಿಗದಾಯಿತು. ಯುದ್ಧದ ಸುದ್ದಿ ಕೇಳಿ ಸಮಾಧಾನಪಟ್ಟವನು ಕಲ್ಯಾಣದಲ್ಲಿ ನಾನೊಬ್ಬನೇ ಇರಬೇಕು.

"ಮೂರು ಕಲ್ಲು, ಎರಡು ಸಗಣಿ ಕುಳ್ಳು ಸಾಕ್ರಿ," ಎಂದಳು ಶರಣಮ್ಮ. "ಒಲಿದೇನೂ ತಕರಾರಿಲ್ಲ. ಹಿಂದ ನಾ ಕುಂತರ ಮಂದಿ ನಗತಾರಂತ ನಿಮಗ ಅಂಜಿಕಿ."

"ಹಂಗೇನಿಲ್ಲ. ಮುಂದಿನ ಸಲ ಹೋಗೂಣು," ಎಂದೆ. ಅವಳು ಹೇಳಿದ್ದೇ ನಿಜ. ಮಾಸ್ತರ ಹೆಂಡತಿಯನ್ನು ಕೂರಿಸಿಕೊಂಡು ಬಜಾರಿನಲ್ಲಿ ಹೋದರೆ ಮರುದಿನ ಶಾಲೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ನಮ್ಮಿಬ್ಬರ ಚಿತ್ರ ಬಿದ್ದಿರುತ್ತಿತ್ತು. ಹೋದ ಮಳೆಗಾಲ ಅವಳಿಗೆ ಜ್ವರ ಬಂತು. ಎಂಟೇ ದಿನ, ಶರಣಮ್ಮ ಹೋಗಿಬಿಟ್ಟಳು.

ಮೂರು ತಿಂಗಳಾದ ಮೇಲೆ ನಾನು ಒಲೆ ಕೊಂಡೆ. ಖಾಸಿಂ ಸಾಹೇಬರು ಏನೂ ತಮಾಷೆ ಮಾಡದೆ ಪುಟ್ಟ ಪಂಪಿನ ಸ್ಟೋವ್ ಒರೆಸಿ ಕೊಟ್ಟು, ತಮ್ಮ ಮನೆಯ ಸೀಸೆಯಿಂದಲೇ ಎಣ್ಣೆ ತುಂಬಿದರು. ಅದನ್ನು ಅವಳ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಕ್ಯಾರಿಯರ್ ಮೇಲೆ ಕಟ್ಟಿ, ಬಜಾರಿನ ನಡುವೆಯೇ ಹೋದೆ. ಒಬ್ಬರೂ ತಲೆ ಎತ್ತಿ ನೋಡಲಿಲ್ಲ.

ಹುಣಸೆಮರದ ಕೆಳಗೆ ಇಳಿದು ನೋಡಿದರೆ ಎಣ್ಣೆಯೆಲ್ಲ ಸೋರಿ ಜೊತೆಗೆ ಕಟ್ಟಿದ್ದ ಬುತ್ತಿಯ ರೊಟ್ಟಿ ಸೇರಿತ್ತು. ಪಂಪು ಹೊಡೆದೆ. ಒಲೆ ಕೆಮ್ಮಿತು, ನಾನೂ ಕೆಮ್ಮಿದೆ. ತೊಗರಿಕಟ್ಟಿಗೆಯ ಹೊರೆ ಇಳಿಸಿ ಕುಳಿತಿದ್ದ ಮುದುಕಿಯೊಬ್ಬಳು ಸಾಕಷ್ಟು ಹೊತ್ತು ನೋಡಿದಳು. ಆಮೇಲೆ ಎದ್ದು ಮೂರು ಕಲ್ಲು ಹೂಡಿ, ಕಟ್ಟಿಗೆ ಮುರಿದು, ಒಂದೇ ಕಡ್ಡಿಯಲ್ಲಿ ಬೆಂಕಿ ಹೊತ್ತಿಸಿ ನನ್ನ ಚಹಾ ಕುದಿಸಿಕೊಟ್ಟಳು.

"ಯಪ್ಪಾ, ಸೈಕಲ್ ಹಿಂದ ಇಷ್ಟ ಛಲೋ ಜಾಗಾ ಐತಿ. ಈ ಡಬ್ಬಿ ಯಾಕ ಕುಂದ್ರಿಸ್ಕೊಂಡ್ ಬಂದಿ? ಮನಿಯಾಕಿನ ಕರಕೊಂಡ್ ಬರಬೇಕಿಲ್ಲೇನು?"

"ಮುಂದಿನ ಸಲ, ಅವ್ವಾ," ಎಂದೆ. ರೂಢಿಯ ಮಾತು, ತಾನಾಗಿಯೇ ಬಂತು.

ಮುದುಕಿ ತಲೆಯಾಡಿಸಿದಳು. ನನ್ನ ಆ ಮಾತನ್ನು ನಂಬಿದವಳು ಅವಳೊಬ್ಬಳೇ.