ನಮ್ಮ ಗಂಗಿಯ ಕುಬಸ

ಬೆಕ್ಕು ಗಂಡೋ ಹೆಣ್ಣೋ ಎಂಬುದಕ್ಕೂ ಅದು ನಮಗೆ ಹೊಂದಿಕೊಳ್ಳುವುದಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಆಗಿತ್ತು ಎಂದೆ, ಗಮನಿಸಿ. ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುವಾಗ, ಸ್ವಭಾವವೆಂಬುದು ಹುಟ್ಟಿನಿಂದ ಬರುವುದಿಲ್ಲ, ಬೆಳೆಸುವವರಿಂದ ಬರುತ್ತದೆ ಎಂದು ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ಪಡೆದವಳು ನಾನು. ಆ ಉತ್ತರದಲ್ಲಿ ಬೆಕ್ಕಿನ ಪ್ರಸ್ತಾಪ ಇರಲಿಲ್ಲ, ನಿಜ. ಕೇಳಿದ್ದರೆ ಅದನ್ನೂ ಬರೆಯುತ್ತಿದ್ದೆ. ಅಷ್ಟು ಧೈರ್ಯವಿತ್ತು!

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಘಟನೆಯನ್ನು ಆಗಲೇ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಆದರೆ ಆ ಡೈರಿ ಬರೆದವಳೂ ನಾನೇ ಆದ್ದರಿಂದ ಅದನ್ನು ಪೂರ್ತಿ ನಂಬುವಂತಿಲ್ಲ. ಆಗ ಮೊಬೈಲು ಬಂದಿದ್ದವು, ಆದರೆ ಫೋಟೋ ತೆಗೆಯುವಂಥವು ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ. ಹೀಗಾಗಿ ಸಾಕ್ಷಿ ಇಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು.

ರಾಯಬಾಗದಲ್ಲಿ ನಮ್ಮದು ಮೂವರ ಮನೆ. ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ಯಜಮಾನರು ಶಿವಾನಂದ, ಸಕ್ಕರೆ ಕಾರ್ಖಾನೆಯ ಆಫೀಸಿನವರು. ಮೂರನೆಯವರು ಅತ್ತೆ. ಮನೆ ನಡೆಯುವುದು ಅವರ ಮಾತಿನ ಮೇಲೆ. ಒಂದು ಬೆಳಗ್ಗೆ ಕೆಂಪು-ಬಿಳಿ ಬಣ್ಣದ ಬೆಕ್ಕೊಂದು ಮಾಳಿಗೆಯಿಂದ ಇಳಿದು ಬಂದು, ನಾನು ತಿದ್ದುತ್ತಿದ್ದ ಉತ್ತರಪತ್ರಿಕೆಗಳ ಮೇಲೆ ಕೂತಿತು. ನನ್ನ ಕೈಗೆ ತಲೆ ತಿಕ್ಕಿತು. ಗುರ್ ಗುರ್ ಎಂದಿತು. ಆ ವರ್ಷ ನನ್ನ ವಿದ್ಯಾರ್ಥಿಗಳಾಗಲಿ, ಸಹೋದ್ಯೋಗಿಗಳಾಗಲಿ, ಯಜಮಾನರಾಗಲಿ ನನ್ನ ಮೇಲೆ ಅಷ್ಟು ಪ್ರೀತಿ ತೋರಿಸಿದ್ದು ನೆನಪಿಲ್ಲ. ಮೊದಲ ಭೇಟಿಯಲ್ಲೇ ಇಷ್ಟು ಪ್ರೀತಿಯೇ ಎಂದು ಸ್ವಲ್ಪ ಅನುಮಾನವೂ ಬಂತು. ಅನುಮಾನವನ್ನು ಬದಿಗಿಟ್ಟು ಹಾಲು ಹಾಕಿದೆ.

ಅತ್ತೆ ಅಡುಗೆಮನೆಯಿಂದಲೇ ಕೇಳಿದರು. "ಗಂಡೋ ಹೆಣ್ಣೋ?"

"ಅದರಾಗ ಏನೈತ್ರಿ ಅತ್ತಿ? ಬೆಕ್ಕ ಬೆಕ್ಕ."

"ಹಂಗಂದ್ರ ನಡಿಯೂದಿಲ್ಲ ಶೈಲಾ. ಹೆಣ್ಣಾದ್ರ ಮನಿ ಹಿಡದ ಇರತೈತಿ. ಗಂಡಾದ್ರ ಊರ ತಿರಗತೈತಿ, ಜ್ವಾಳದ ಚೀಲದ ಮ್ಯಾಲ ಉಚ್ಚಿ ಹೊಯ್ತೈತಿ. ಗಂಡ ಇತ್ತಂದ್ರ ನಾಳೆ ಮುಂಜಾನೆ ಚೀಲದಾಗ ಹಾಕಿ, ಕಬ್ಬಿನ ಟ್ರ್ಯಾಕ್ಟರ್ ಮ್ಯಾಲ ಅನಂತಪುರಕ್ಕ ಕಳಸೂದ!"

ಅನಂತಪುರ ಅತ್ತೆಯ ತವರು. ಅಥಣಿ ಕಡೆಯ ಹಳ್ಳಿ. ಹಿಂದೊಮ್ಮೆ ಒಂದು ಗಂಡು ಬೆಕ್ಕು ಹಾಗೆಯೇ ಕಬ್ಬು ಇಳಿಸಿ ಹೊರಟ ಖಾಲಿ ಟ್ರ್ಯಾಕ್ಟರ್‌ನಲ್ಲಿ ಹೋಗಿತ್ತು. ಮತ್ತೆ ಬಂದಿರಲಿಲ್ಲ. ಇದು ಬರಿಯ ಬೆದರಿಕೆಯಲ್ಲ ಎಂದು ನನಗೆ ಗೊತ್ತಿತ್ತು.

"ನನ್ನ ಕಣ್ಣಾಗ ಪರಿ ಬಂದೈತಿ, ಕಾಣೂದಿಲ್ಲ. ನೀ ಕಲತಾಕಿ. ಬಾಲ ಎತ್ತಿ ನೋಡಿ ಹೇಳ," ಎಂದರು ಅತ್ತೆ.

ಬಾಲ ಎತ್ತಿದೆ. ಬೆಕ್ಕು ತಿರುಗಿ ನನ್ನ ಮುಖ ನೋಡಿತು. ಆ ನೋಟದಲ್ಲಿ ಇಡೀ ಪ್ರಾಣಿ ಸಂಕುಲದ ಸ್ವಾಭಿಮಾನ ತುಂಬಿತ್ತು. ನಾಚಿಕೆಯಾಗಿ ಬಾಲ ಬಿಟ್ಟೆ. ಆ ಕ್ಷಣದಲ್ಲಿ ನಾನು ಕಂಡದ್ದೇನು? ಈಗ ಯೋಚಿಸಿದರೆ ಕಂಡದ್ದು ಬರೀ ಕೂದಲು ಎನಿಸುತ್ತದೆ. ಆದರೆ ಬಾಯಿ ಬೇರೆಯೇ ಹೇಳಿತು.

"ಹೆಣ್ಣ ಐತ್ರಿ ಅತ್ತಿ. ಇಷ್ಟ ಮಾಯಾ ಮಾಡೂದು ಹೆಣ್ಣs ಇರತೈತಿ."

ಎಂ.ಎ. ಪದವಿ ಅಲ್ಲಿಗೆ ಮುಗಿಯಿತು. ಸ್ವಭಾವಕ್ಕೂ ಲಿಂಗಕ್ಕೂ ಸಂಬಂಧವಿಲ್ಲ ಎಂದು ಬರೆದವಳು, ಸ್ವಭಾವ ನೋಡಿ ಲಿಂಗ ನಿರ್ಧರಿಸಿದ್ದೆ!

ಅತ್ತೆಗೆ ಖುಷಿಯಾಯಿತು. ಗಂಗಿ ಎಂದು ಹೆಸರಿಟ್ಟರು. ಗಂಗಿ ಹೆಸರಿಗೆ ತಕ್ಕಂತೆ ತಣ್ಣಗಿದ್ದಳು. ಅತ್ತೆ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ನಾನು ಓದುವಾಗ ತೊಡೆಯ ಮೇಲೆ ಮಲಗುತ್ತಿದ್ದಳು. ಬರುವುದು ಮಾತ್ರ ಬೆಳಗ್ಗೆ ಮತ್ತು ಸಂಜೆ. ಮಧ್ಯಾಹ್ನವೆಲ್ಲ ಎಲ್ಲಿರುತ್ತಾಳೆ ಎಂದು ಯಾರಿಗೂ ಗೊತ್ತಿರಲಿಲ್ಲ. "ಹೆಣ್ಮಕ್ಕಳಿಗೂ ತಮ್ಮದಂತ ಒಂದೀಟ ವ್ಯಾಳ್ಯಾ ಬೇಕಲಾ," ಎಂದು ನಾನೇ ಅವಳ ಪರವಾಗಿ ವಾದಿಸಿದೆ.

ಆಮೇಲೆ ವಾಸನೆ ಶುರುವಾಯಿತು.

ನಮ್ಮದು ಮೀನು-ಮಾಂಸ ಹೊಸಲು ದಾಟದ ಮನೆ. ಒಂದು ಸಂಜೆ ಯಜಮಾನರ ತಲೆದಿಂಬಿನಿಂದ ಒಣಮೀನಿನ ವಾಸನೆ ಬಂತು. ಮರುದಿನವೂ ಬಂತು. ದಿಂಬಿನ ಮೇಲೆ ಬೆಕ್ಕೂ ಮಲಗುತ್ತಿತ್ತು, ಯಜಮಾನರೂ ಮಲಗುತ್ತಿದ್ದರು. ಇಬ್ಬರಲ್ಲಿ ಯಾರ ಮೇಲೆ ಅನುಮಾನ ಪಡಬೇಕು? ಬೆಕ್ಕಿನ ಮೇಲೆ ನನಗೆ ಪೂರ್ಣ ವಿಶ್ವಾಸವಿತ್ತು.

"ರೀ, ಇವತ್ತ ಮಧ್ಯಾಹ್ನ ಏನ್ ಊಟಾ ಮಾಡೀರಿ?"

"ನೀ ಕಟ್ಟಿದ್ದ ರೊಟ್ಟಿ, ಬದ್ನಿಕಾಯಿ ಪಲ್ಯಾ."

"ಮತ್ತ?"

"ಮತ್ತೇನ? ನೀರ."

"ಮೀಸಿ ಒಂಚೂರ ಈ ಕಡೆ ತರ್ರಿ."

ಅವರು ಖುಷಿಯಿಂದ ತಂದರು. ನಾನು ಮೂಸಿ ನೋಡಿದೆ. ನಾನು ಮೂಸಿದ್ದು ಯಾಕೆ ಎಂದು ಗೊತ್ತಾದ ಮೇಲೆ ಅವರ ಮುಖ ಬಾಡಿತು. "ಲಗ್ನಾಗಿ ಇಷ್ಟ ವರ್ಷಕ್ಕ ತಾನಾಗಿ ಹತ್ತರ ಬಂದಾಳಂದ್ರ, ಪೋಲೀಸ್ ನಾಯಿ ಗತೆ ವಾಸ್ನಿ ನೋಡಾಕ ಬಂದಾಳಲ್ಲೋ ಯಪ್ಪಾ!" ಎಂದು ಗೋಡೆಯ ಕಡೆ ತಿರುಗಿದರು. ಮೀಸೆಯಲ್ಲಿ ಏನೂ ಸಿಗಲಿಲ್ಲ. ಇದರಿಂದ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಬಾಯಿ ತೊಳೆದುಕೊಂಡು ಬಂದಿದ್ದಾರೆ!

ಈ ನಡುವೆ ಗಂಗಿಯ ಹೊಟ್ಟೆ ದಪ್ಪಗಾಯಿತು. ನಡೆದರೆ ಅತ್ತಿತ್ತ ತೂಗಾಡುವಷ್ಟು ದಪ್ಪ. ಅತ್ತೆ ಹೊಟ್ಟೆ ಸವರಿ ನೋಡಿ, ನಿರ್ಣಯ ಕೊಟ್ಟರು.

"ಬಸರಿ ಅದಾಳ ನನ್ನ ಕೂಸ!"

ಗಂಗಿಯ ಬಾಯಿಯಿಂದ ಮೀನಿನ ವಾಸನೆ ಬರುತ್ತಿರುವುದೂ ಆಗಲೇ ಅತ್ತೆಯ ಮೂಗಿಗೆ ಬಡಿಯಿತು. ಯಜಮಾನರು ಅಲ್ಲಿಯೇ ನಿಂತು ನನ್ನನ್ನು ನೋಡಿದರು. ಮೀಸೆಯ ಮೇಲೆ ಕೈ ಆಡಿಸಿದರು, ಅಷ್ಟೆ.

ಅತ್ತೆ ಮಾತ್ರ ಕದಲಲಿಲ್ಲ. "ಬಯಕಿ ಅದು. ಎಲ್ಲೋ ತಿಂದ ಬಂದಾಳ, ತಿನ್ಲಿ. ಶಿವ್ಯಾ ಹೊಟ್ಯಾಗ ಇದ್ದಾಗ ನಾ ಕೆಮ್ಮಣ್ಣ ತಿಂದಿಲ್ಲ? ಬರೂ ಶುಕ್ರವಾರ ಕುಬಸಾ ಮಾಡೂನು."

ನಮ್ಮ ಕಡೆ ಚೊಚ್ಚಲ ಬಸುರಿಗೆ ಕುಬಸ ಮಾಡುತ್ತಾರೆ. ಹಸಿರು ಬಳೆ, ಹಸಿರು ಖಣ, ಉಡಿ ತುಂಬುವುದು, ಆರತಿ, ಊಟ. ಪ್ರೀತಿಯ ಆಕಳಿಗೆ ಮಾಡುವವರೂ ಇದ್ದಾರೆ. ಬೆಕ್ಕಿಗೆ ಮಾಡಿದ್ದನ್ನು ನಾನು ಕೇಳಿರಲಿಲ್ಲ. ತಡೆಯಬೇಕಿತ್ತು. ತಡೆಯಲು ಹೋದರೆ, ಇನ್ನೊಮ್ಮೆ ಬಾಲ ಎತ್ತಿ ನೋಡುವ ಮಾತು ಬರುತ್ತಿತ್ತು. ಅದಕ್ಕೇ ಸಂಸ್ಕೃತಿಯ ಅಧ್ಯಯನ ಎಂದು ಮನಸ್ಸಿಗೆ ಸಮಾಧಾನ ಹೇಳಿ, ಹೋಳಿಗೆಗೆ ಕಡಲೆಬೇಳೆ ನೆನೆಹಾಕಿದೆ.

ಶುಕ್ರವಾರ ಓಣಿಯ ಹೆಂಗಸರೆಲ್ಲ ಬಂದರು. ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ಅತ್ತೆಯ ಮುಖ ನೋಡಿ ಗಂಭೀರರಾದರು. ಮಣೆ ಹಾಕಿ, ರಂಗೋಲಿ ಬಿಡಿಸಿ, ಗಂಗಿಯನ್ನು ಕೂಡಿಸಿದೆವು. ಹಸಿರು ಖಣವನ್ನು ಬೆನ್ನ ಮೇಲೆ ಹೊದಿಸಿ ಹೊಟ್ಟೆಯ ಕೆಳಗೆ ಗಂಟು ಹಾಕಿದೆ. ಮುಂಗಾಲಿಗೆ ಕೂಸಿನ ಬಳೆ ತೊಡಿಸಿದೆ. ಗಂಗಿ ರಾಣಿಯಂತೆ ಕೂತಿದ್ದಳು. ಎಷ್ಟು ಶಾಂತ! ಎಷ್ಟು ಸಹನೆ! ಹೆಣ್ಣಲ್ಲದೆ ಇನ್ಯಾರಿಗೆ ಇದು ಸಾಧ್ಯ ಎಂದು ನನಗೆ ಕಣ್ಣು ತೇವವಾಯಿತು. ಅತ್ತೆ ಉಡಿಗೆ ಅಕ್ಕಿ, ಒಣಕೊಬ್ಬರಿ, ಉತ್ತತ್ತಿ ತುಂಬಿದರು. ಇಬ್ಬರು ಮುತ್ತೈದೆಯರು ಹಾಡುತ್ತ ಆರತಿ ಬೆಳಗಿದರು.

ಅಷ್ಟರಲ್ಲಿ ಹಿಂದಿನ ಓಣಿಯ ಮಾವಶಿ ಬಂದರು. ಮೀರಜ್ ಕಡೆಯಿಂದ ಮದುವೆಯಾಗಿ ಬಂದವರು, ಮಾತಿನಲ್ಲಿ ಅರ್ಧ ಮರಾಠಿ. ಅವರ ಮಾಳಿಗೆಯೂ ನಮ್ಮ ಮಾಳಿಗೆಯೂ ಬೆನ್ನಿಗೆ ಬೆನ್ನು. ಅತ್ತೆಗೆ ಹೊಸ ಪರಿಚಯ. ಕುಂಕುಮ ಹಚ್ಚಲು ಬಗ್ಗಿದವರು ಹಾಗೆಯೇ ನಿಂತರು.

"ಅಗಬಾಯಿ! ಹಾ ತರ ಆಮ್ಚಾ ಬಂಡ್ಯಾ!"

ಆರತಿ ನಿಂತಿತು.

"ಯಾರ್ರಿ ಬಂಡ್ಯಾ?" ಎಂದರು ಅತ್ತೆ.

"ನಮ್ಮ ಬೆಕ್ಕರಿ! ಬೋಕಾ ಆಹೆ, ಗಂಡ ಬೆಕ್ಕ! ದಿನಾ ಮಧ್ಯಾಹ್ನ ನಮ್ಮ ಮನ್ಯಾಗ ಒಣಾ ಬೊಂಬೀಲ ಮೀನ ತಿಂದ ಬರ್ತಾನ. ಅದಕ್ಕ ಹೊಟ್ಟಿ ಹಂಗ ಆಗೇತಿ. ಈ ಗುಂಡಾಗ ಬಳಿ ಯಾರ ಇಡಸೀರಿ?"

"ಗುಂಡಾ?" ಎಂದೆ ನಾನು. "ಭಾಳ ಸಮಾಧಾನದಾಕಿರಿ ಇಕಿ..."

"ಸಮಾಧಾನ! ನಮ್ಮ ಮನಿಯವ್ರ ಕೈ ಬಂದ ನೋಡ್ರಿ, ಎಲ್ಲಾ ಪರಚ್ಯಾನ. ಗಂಡ ಬೆಕ್ಕ ಅಂದ್ರ ಹಂಗs. ಕಸಬರಿಗಿ ಕೈಯಾಗ ಹಿಡಕೊಂಡs ಮೀನ ಹಾಕ್ತೇನಿ ನಾ."

ಬೆಕ್ಕು ಮಾವಶಿಯನ್ನು ನೋಡಿ ಬೆನ್ನು ಬಿಲ್ಲಿನಂತೆ ಮಾಡಿ ಬುಸ್ಸೆಂದಿತು. ಅತ್ತೆಯ ಕಡೆ ತಿರುಗಿ ಮಿಯಾಂವ್ ಎಂದು ರಾಗ ಎಳೆಯಿತು. ಹಾಲು ಕೊಡುವವರ ಮನೆಯಲ್ಲಿ ಹೆಣ್ಣು, ಕಸಬರಿಗೆ ತೋರಿಸುವವರ ಮನೆಯಲ್ಲಿ ಗಂಡು! ನಾನು ಪರೀಕ್ಷೆಯಲ್ಲಿ ಬರೆದದ್ದೇ ಸರಿ ಎಂದು ಒಳಗೊಳಗೆ ಹಿಗ್ಗಿದೆ. ಒಂದು ಕ್ಷಣ ಮಾತ್ರ. ಯಾಕೆಂದರೆ ಅತ್ತೆ ನನ್ನ ಕಡೆ ತಿರುಗಿದ್ದರು.

"ಶೈಲಾ. ನೀ ನೋಡಿ ಹೇಳಿದ್ದಿ."

"ನೋಡಿದ್ನಿರಿ ಅತ್ತಿ... ನೋಡಿದ್ನಿ ಅಂತ ನನಗ ನೆನಪೈತ್ರಿ."

ಯಜಮಾನರು ಬಾಗಿಲಲ್ಲಿ ನಿಂತು, ನಗು ತಡೆಯಲಾರದೆ ಅಂಗಳಕ್ಕೆ ಹೋದರು. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಗುತ್ತಿತ್ತು. ನಾನು ಬೆಕ್ಕನ್ನು ಎದೆಗೆ ಅವಚಿಕೊಂಡೆ. ಇನ್ನೇನು ಅತ್ತೆ ಚೀಲ ಕೇಳುತ್ತಾರೆ. ಇನ್ನೇನು ಗಂಗಿಯ ಕಥೆ ಮುಗಿಯಿತು.

ಅತ್ತೆ ಸೆರಗು ಸರಿಮಾಡಿಕೊಂಡರು.

"ಉಡಿ ತುಂಬೇನಿ. ಆರತಿ ಆಗೇತಿ. ಈಗ ಗಂಡ ಅಂದ್ರ ನಾಳೆ ನಾ ಓಣ್ಯಾಗ ಹೆಂಗ ತಿರಗ್ಯಾಡ್ಲಿ? ಮಾವಶಿ, ನಿಮ್ಮ ಮನ್ಯಾಗ ಅಂವಾ ಬಂಡ್ಯಾ ಇರ್ಲಿ. ಈ ಹೊಸಲಿ ಒಳಗ ಇಕಿ ಗಂಗಿ. ಹಾಡ್ರೆವಾ, ಯಾಕ ನಿಂತೀರಿ?"

ಹಾಡು ಮುಂದುವರಿಯಿತು. ಮಾವಶಿಯೂ ದನಿ ಸೇರಿಸಿದರು. ಹೋಳಿಗೆ ಎರಡು ಸಲ ಹಾಕಿಸಿಕೊಂಡರು. ಬೆಕ್ಕು ಉಳಿಯಿತು!

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಎಲ್ಲರೂ ಸುಮ್ಮನಾದರು. ಆದರೆ ಓದಿದವಳಿಗೆ ಅನುಮಾನ ಬಿಡುತ್ತದೆಯೇ? ಮಾವಶಿ ಹೇಳಿದರು, ಸರಿ. ಅವರೂ ನೋಡಿಯೇ ಹೇಳಿದರೋ, ಪರಚಿದ್ದಕ್ಕೆ ಗಂಡು ಎಂದರೋ? ನಾನು ಮಾಡಿದ ತಪ್ಪನ್ನೇ ಅವರೂ ಮಾಡಿರಬಹುದಲ್ಲ! ಎಲ್ಲರೂ ಹೋದ ಮೇಲೆ ಕನ್ನಡಕ ಹಾಕಿಕೊಂಡು, ಗಂಗಿಯನ್ನು ಕಿಟಕಿಯ ಬೆಳಕಿಗೆ ತಂದು, ಈ ಸಲ ನಾಚಿಕೆ ಬಿಟ್ಟು, ಬಾಲ ಎತ್ತಿದೆ.

ಗಂಗಿ ಈ ಸಲ ತಿರುಗಿ ನೋಡಲಿಲ್ಲ. ನೇರವಾಗಿ ಕಚ್ಚಿದಳು. ಅಥವಾ ಕಚ್ಚಿದ. ಹೆಬ್ಬೆರಳಿನಲ್ಲಿ ಹಲ್ಲು ಇಳಿಯುವಾಗ ಬೇರೇನೂ ಕಾಣುವುದಿಲ್ಲ.

ಯಜಮಾನರು ಬೈಕಿನಲ್ಲಿ ದವಾಖಾನೆಗೆ ಕರೆದುಕೊಂಡು ಹೋದರು. ಹುಚ್ಚು ಹಿಡಿಯದಂತೆ ಕೊಡುವ ಸೂಜಿ ತಯಾರು ಮಾಡುತ್ತ ಸಿಸ್ಟರು ಕೇಳತೊಡಗಿದರು.

"ಸಾಕಿದ ಬೆಕ್ಕೇನ್ರಿ?"

"ಹೌದ್ರಿ. ಎರಡ ಮನ್ಯಾಗ."

"ಗಂಡೋ ಹೆಣ್ಣೋ?"

ಬಾಗಿಲ ಬಳಿ ಯಜಮಾನರು ಕೆಮ್ಮಿದರು. ನಾನು ಪ್ರಾಮಾಣಿಕಳು. ತಿಳಿಯದ್ದನ್ನು ತಿಳಿದಿದೆ ಎಂದು ಇನ್ನೊಮ್ಮೆ ಹೇಳಲಾರೆ.

"ಅದು ಯಾವ ಮನ್ಯಾಗ ಇದ್ದಾಗ ಅಂತ ಕೇಳ್ತೀರಿ, ಅದರ ಮ್ಯಾಲ ಐತ್ರಿ ಸಿಸ್ಟರ್. ನಮ್ಮ ಮನ್ಯಾಗ ಹೆಣ್ಣ. ಇವತ್ತ ಕುಬಸಾ ಮಾಡೇವಿ. ಮಧ್ಯಾಹ್ನ ಗಂಡ ಆಗತೈತಿ."

ಸಿಸ್ಟರು ಸೂಜಿಯನ್ನು ಕೆಳಗಿಟ್ಟರು. ನನ್ನ ಕಣ್ಣೊಳಗೆ ಬ್ಯಾಟರಿ ಹಾಕಿ ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಯಜಮಾನರ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು.

"ಖರೇ ಹೇಳ್ರಿ ಸರ, ಇವರಿಗೆ ಕಡದ ಎಷ್ಟ ದಿನಾ ಆತ್ರಿ?"