ಕುದುರೆ ಹತ್ತದ ದಲ್ಲಾಳಿ

ನಮ್ಮ ಸಣ್ಣಮಾವ ಕುವೈತಿನಲ್ಲಿ ಕುದುರೆ ದಲ್ಲಾಳಿ ಎಂದರೆ ನೀವು ನಗುತ್ತೀರಿ. ನಗಿ! ಕುದುರೆ ಹಾಗಿರಲಿ, ಫರ್ವಾನಿಯಾದ ತಮ್ಮ ಕಟ್ಟಡದ ಲಿಫ್ಟ್ ಹತ್ತಲೂ ಹೆದರುವ ಮನುಷ್ಯ ಅವರು.

“ಹತ್ತುವುದು ಯಾಕೆ ಮಾರಾಯ? ನಮ್ಮದು ಹಾಲ್ಟರ್ ಕುದುರೆ. ನೋಡಲಿಕ್ಕೆ ಇರುವುದು, ಕೂತುಕೊಳ್ಳಲಿಕ್ಕೆ ಅಲ್ಲ” ಎನ್ನುತ್ತಾರೆ. ಅಂದರೆ ಮೂತಿಗೆ ಚಂದದ ಪಟ್ಟಿ ಕಟ್ಟಿ, ಹಗ್ಗ ಹಿಡಿದು ನಡೆಸಿ ತೋರಿಸುವ ಪ್ರದರ್ಶನದ ಕುದುರೆಗಳು. ಮಾವನ ಕಫೀಲ್‌ಗೆ, ಅಂದರೆ ವೀಸಾ ಕೊಟ್ಟ ಅರಬಿ ಧಣಿಗೆ, ಕುದುರೆಯ ಹುಚ್ಚು. ಅವನ ಕುದುರೆಗಳ ಕಾಗದಪತ್ರ ಬರೆದೂ ಬರೆದೂ ಗುಮಾಸ್ತರಾದ ಇವರಿಗೂ ಅದು ಅಂಟಿತು. ವಾರವಿಡೀ ಆಫೀಸು, ಶುಕ್ರವಾರ ಮರಳುಗಾಡಿನ ಅಂಚಿನ ಲಾಯಗಳಲ್ಲಿ ಅರಬಿ, ಫ್ರೀಸಿಯನ್, ಪೋನಿ ಎಂದು ಬಗೆಬಗೆಯ ಕುದುರೆ ಕೊಡಿಸುವುದು, ಮಾರಿಸುವುದು!

ನಾನೂ ಕುವೈತಿಗೆ ಬಂದ ಹೊಸತರಲ್ಲಿ ಅವರ ವ್ಯಾಪಾರ ನೋಡಲು ಹೋಗಿದ್ದೆ. ಮೊಣಕಾಲೆತ್ತರದಿಂದ ಸ್ವಲ್ಪವೇ ಮೇಲಿದ್ದ ಒಂದು ಪೋನಿ. ಅದರ ಓಟ ತೋರಿಸಲು ಮಾವ ಆಫೀಸಿನ ಬೂಟಿನಲ್ಲೇ ಹಗ್ಗ ಹಿಡಿದು ಓಡಿದರು. ಪೋನಿ ತಟ್ಟನೆ ನಿಂತಿತು. ಮಾವ ನಿಲ್ಲಲಿಲ್ಲ! ಮುಗ್ಗರಿಸಿ ಮರಳಲ್ಲಿ ಬಿದ್ದರು. ಬಿದ್ದಲ್ಲಿಂದಲೇ ಗಿರಾಕಿಗೆ ಹೇಳಿದರು: “ನೋಡಿ, ಎಷ್ಟು ಶಾಂತ ಸ್ವಭಾವ! ಮಕ್ಕಳಿಗೆ ಹೇಳಿ ಮಾಡಿಸಿದ್ದು.” ಪೋನಿ ಅಲ್ಲೇ ಮಾರಾಟವಾಯಿತು.

ಆಮೇಲೆ ನನ್ನ ಸಂಸಾರ, ಕೆಲಸ ಎಂದು ವರ್ಷಗಳು ಕಳೆದವು. ಕಳೆದ ವರ್ಷ ದೊಡ್ಡ ಮಗಳ ಕಾಲೇಜಿಗೆಂದು ಹೆಂಡತಿ ಮಕ್ಕಳು ಮಂಗಳೂರಿಗೆ ಹೋದರು. ಇಲ್ಲಿ ಮಂಗಫ್‌ನ ಫ್ಲ್ಯಾಟಿನಲ್ಲಿ ನಾನೊಬ್ಬನೇ ಉಳಿದೆ. ಮಕ್ಕಳ ಮಂಚಗಳ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಶುಕ್ರವಾರ ಬಂದರೆ ಸಂಜೆಯವರೆಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಫ್ರಿಜ್ಜಿನ ಗುಂಯ್‌ಗುಟ್ಟುವಿಕೆಗೆ ಎಷ್ಟು ಹೊತ್ತು ಕಿವಿಗೊಡುವುದು ಹೇಳಿ?

ಅಂಥದ್ದೊಂದು ಶುಕ್ರವಾರ ಮಾವನ ಫೋನು. “ಒಬ್ಬಳನ್ನು ನೋಡಲಿಕ್ಕುಂಟು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಾರು ತೆಗೆದುಕೊಂಡು ಬಾ.”

ಅರವತ್ತು ಹತ್ತಿರವಾದರೂ ಮದುವೆಯಾಗದ ಮಾವ! ನಾನು ಖುಷಿಯಲ್ಲಿ ಊರಿಗೆ ಫೋನು ಮಾಡಿದೆ. ನಾವು ದಾರಿಯಲ್ಲಿರುವಾಗಲೇ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಸೀರೆಯ ಬಣ್ಣದ ಚರ್ಚೆ ಶುರು. ಹೋಗಿ ನೋಡಿದರೆ ಲಾಯದಲ್ಲಿ ಬೂದು ಬಣ್ಣದ ಅರಬಿ ಹೆಣ್ಣುಕುದುರೆ!

“ಯಾರೋ ಗಿರಾಕಿ ನೋಡಲಿಕ್ಕೆ ಹೇಳಿದ್ದಾನೆ” ಎಂದರು ಮಾವ. ಸುತ್ತು ಬಂದು ನೋಡಿದರು. “ಕತ್ತು ಚಂದ. ಆದರೆ ಕಣ್ಣಲ್ಲಿ ಎಂತದೋ ಬೇಜಾರುಂಟು. ಬೇಡ.”

ಅಲ್ಲಿಂದ ಪ್ರತಿ ಶುಕ್ರವಾರ ನಮ್ಮ ಸವಾರಿ. ಒಂದರ ಬಾಲ ಸರಿಯಿಲ್ಲ, ಇನ್ನೊಂದು ಅಹಂಕಾರಿ, ಮತ್ತೊಂದು ಮಾವನನ್ನು ನೋಡಿ ಆಕಳಿಸಿತು! ಒಂದೂ ವ್ಯಾಪಾರವಾಗಲಿಲ್ಲ. ಪಾಪ, ಮುದುಕನಿಗೆ ಒಬ್ಬರಾದರೂ ಜೊತೆ ಬೇಕಲ್ಲ ಎಂದು ನಾನೂ ಸಹಿಸಿಕೊಂಡೆ. ನನ್ನ ದೊಡ್ಡ ಮನಸ್ಸನ್ನು ನಾನೇ ಮೆಚ್ಚಿಕೊಂಡದ್ದೂ ಉಂಟು.

ಕಳೆದ ತಿಂಗಳು ಮಾವ ಹೊರಗೆ ನಿಂತು ಕೆಮ್ಮುತ್ತಿದ್ದರು. ಲಾಯ ನೋಡಿಕೊಳ್ಳುವ ಕಲಬುರಗಿಯ ಭಾಯಿಯನ್ನು ಕೇಳಿದೆ, “ಇವರಿಗೆ ಇಷ್ಟು ತೊಂದರೆ ಕೊಡುವ ಗಿರಾಕಿ ಯಾರು?”

“ಯಾವ ಗಿರಾಕಿ ರೀ ಸಾಹೇಬ್ರ?” ಎಂದ ಆತ. “ಅವ್ರು ಧಂಧಾ ಬಿಟ್ಟು ಎರಡ್ ವರ್ಷ ಆತು. ಹುಲ್ಲಿನ ಧೂಳಿಗೆ ದಮ್ಮು ಹತ್ತತದ, ಲಾಯದ ಕಡಿ ಹೋಗಬ್ಯಾಡ ಅಂದಾರ ಡಾಕ್ಟರು. ‘ಅಳಿಯ ಒಬ್ಬನೇ ಆಗ್ಯಾನ, ಶುಕ್ರವಾರಕ್ಕ ಯಾವ್ದರ ಒಂದು ಕುದುರಿ ತೋರಸು’ ಅಂತ ನಂಗ ಫೋನ್ ಮಾಡ್ತಾರ.”

ನಾನು ಹೊರಗೆ ಹೋಗಿ ಮಾವನಿಗೆ ಕಾರಿನ ಬಾಗಿಲು ತೆರೆದೆ.

ವಾಪಸು ಬರುವಾಗ ಕಾರಿನಲ್ಲಿ ಮಾವ ಉಬ್ಬಸದ ನಡುವೆಯೇ ಉತ್ಸಾಹದಿಂದ ಹೇಳಿದರು, “ಬರುವ ವಾರ ಒಂದು ಕಪ್ಪು ಫ್ರೀಸಿಯನ್ ಬರ್ತದಂತೆ.”

“ಬರುವ ವಾರ ಕುದುರೆ ಬೇಡ ಮಾವ” ಎಂದೆ.

ಅವರ ಮುಖ ಬಾಡಿತು. “ಯಾಕೆ? ನಿನಗೆ ಬೇಜಾರಾಯ್ತಾ?”

“ಇಲ್ಲ. ನೀವು ನನ್ನ ಮನೆಗೆ ಬನ್ನಿ. ಮೀನು ತಂದು ಸಾರು ಮಾಡುವಾ. ಇಡೀ ದಿನ ಇರಿ.”

ಮಾವ ಕಿಟಕಿಯ ಕಡೆ ತಿರುಗಿದರು. ಕರ್ಚೀಪು ತೆಗೆದು ಧೂಳು ಒರೆಸುವವರಂತೆ ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು:

“ಯಾವ ಮೀನು?”