ಆವಾಹನೆ ಮಾಡಿ ವಿಸರ್ಜನೆ ಮರೆತ ಡಿಸ್ಕು

ಪಿತೃಕಾರ್ಯ ಮಾಡಿಸುವ ಪುರೋಹಿತನಾದ ನಾನು ಹಳೇ ಲ್ಯಾಪ್‌ಟಾಪಿಗೆ ಸ್ವಹಸ್ತದಿಂದ ಲಿನಕ್ಸ್ ತಂತ್ರಾಂಶ ಹಾಕಿಕೊಂಡವನು. ಕಾಶಿಯ ಕೇದಾರ ಘಾಟಿನ ನಮ್ಮ ಗಲ್ಲಿಯಲ್ಲಿ ಈ ಸಾಹಸ ಮಾಡಿದವನು ನಾನೊಬ್ಬನೇ. ನಾನಾಗಿ ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ, ಹಾಗಾಗಿ ಎಲ್ಲರಿಗೂ ಹೇಳಿದ್ದೇನೆ.

ನಾದಿನಿ ಶಾರದೆ ಮೈಸೂರಿನಿಂದ ಯಾತ್ರೆಗೆ ಬಂದಿದ್ದಳು. ಕಾಶಿಗೆ ಬಂದವರು ಇಷ್ಟವಾದ ಒಂದು ಪದಾರ್ಥ ಬಿಡಬೇಕಲ್ಲ, ಅವಳು ಹಾಗಲಕಾಯಿ ಬಿಟ್ಟಳು.

"ನೀನು ಅದನ್ನ ತಿಂದಿದ್ದಾದ್ರೂ ಯಾವಾಗೇ?" ಎಂದು ನನ್ನ ಹೆಂಡತಿ ಗಿರಿಜೆ ನಕ್ಕಳು.

ಹೊರಡುವ ದಿನ ಶಾರದೆ ಒಂದು ಡಿಸ್ಕ್ ತೆಗೆದಳು. "ಭಾವ, ಅಮ್ಮನ ಹಾಡುಗಳನ್ನ ಇದಕ್ಕೆ ಹಾಕ್ಕೊಡಿ."

ತೀರಿಹೋದ ಅತ್ತೆಯವರ ದನಿಯಲ್ಲೇ ಮುದ್ರಿಸಿಕೊಂಡ ಹಸೆಹಾಡುಗಳು ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಬೇರೆಲ್ಲೂ ಇರಲಿಲ್ಲ.

ಶಾರದೆಯ ಡಿಸ್ಕು ಬೇರೆ ಜಾತಿಯ ಕಂಪ್ಯೂಟರಿನದು, ನನ್ನದು ಅದನ್ನು ಓದಲೊಲ್ಲದು. "ಐದೇ ನಿಮಿಷ!" ಎಂದು, ಅದನ್ನು ಓದಿಸುವ ಡ್ರೈವರ್ ಹಾಕಿದೆ. ಅಷ್ಟಕ್ಕೇ ಬಿಡುವ ಜಾಯಮಾನ ನನ್ನದಲ್ಲ. ಪ್ರತಿ ಸಲ ಎದ್ದ ಕೂಡಲೇ ಈ ಡಿಸ್ಕನ್ನು ಹುಡುಕಿ ತೆರೆಯತಕ್ಕದ್ದು ಎಂದು ಯಂತ್ರಕ್ಕೆ ಶಾಶ್ವತ ಅಪ್ಪಣೆಯನ್ನೂ ಬರೆದೆ. ಆಮೇಲೆ, ಹಾಡು ತುಂಬುವ ಮೊದಲು ಅಪ್ಪಣೆ ಜಾರಿಗೆ ಬರಲೆಂದು, ಡಿಸ್ಕು ಕಿತ್ತಿಟ್ಟು, ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿದೆ. ಕೆಲಸ ಮುಗಿಯಿತೆಂದುಕೊಂಡು ಶಾರದೆ ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡಳು.

ಲ್ಯಾಪ್‌ಟಾಪ್ ಏಳಲಿಲ್ಲ! ಕಪ್ಪು ಪರದೆಯ ಮೇಲೆ ಬರೀ ಬಿಳಿ ಅಕ್ಷರಗಳು.

"ಅಮ್ಮನ ಹಾಡು?" ಗಿರಿಜೆ ಓಡಿ ಬಂದಳು. ಆರಿಸಿದೆ, ಹಚ್ಚಿದೆ. ಗಣಪತಿಗೆ ಕೈಮುಗಿದು ಮತ್ತೆ ಹಚ್ಚಿದೆ. ಊಹೂಂ!

"ಪಂಡಿತ್‌ಜೀ, ಗಾಡಿ ಛೂಟ್ ಜಾಯೇಗೀ!" ರೈಲು ತಪ್ಪೀತೆಂದು, ಶಾರದೆಯನ್ನು ಸ್ಟೇಷನ್ನಿಗೆ ಕರೆದೊಯ್ಯಲು ಬಂದ ಟೋಟೋ ರಿಕ್ಷಾದವನ ಕೂಗು. ಒಳಗಿನ ಡ್ರೈವರ್ ಕೈಕೊಟ್ಟಿದ್ದ, ಹೊರಗಿನ ಡ್ರೈವರ್ ಪ್ರಾಣ ತೆಗೆಯುತ್ತಿದ್ದ.

ಗಿರಿಜೆ ಪರದೆಗೆ ಬಗ್ಗಿದಳು. "ರೀ, ಡಿಸ್ಕಿಗೆ ಕಾಯ್ತಾ ಇದೀನಿ ಅಂತ ಬರ್ದಿದೆಯಲ್ಲ. ಯಾವ ಡಿಸ್ಕು?"

ಇನ್ಯಾವುದು, ಶಾರದೆಯ ಬ್ಯಾಗಿನಲ್ಲಿರುವುದು! ಊರಿಗೆಲ್ಲ ವಿಸರ್ಜನೆ ಮಂತ್ರ ಹೇಳಿಸುವ ನಾನು, ಡಿಸ್ಕನ್ನು ಆವಾಹನೆ ಮಾಡಿ ವಿಸರ್ಜನೆಯನ್ನೇ ಮರೆತಿದ್ದೆ. ಅದು ಬಾರದೆ ತಾನು ಏಳುವುದಿಲ್ಲವೆಂದು ಯಂತ್ರ ಹಟ ಹಿಡಿದಿತ್ತು.

ಡಿಸ್ಕು ಚುಚ್ಚಿ ಹಚ್ಚಿದೆ. ಎದ್ದಿತು! ಅತ್ತೆಯವರ "ಹಸೆಗೆ ಬಾರೇ" ಕೇಳುತ್ತಲೇ ಗಿರಿಜೆ ಅತ್ತಳು, ನಕ್ಕಳು. ನನಗೂ ಹೋದ ಜೀವ ಬಂದಂತಾಯಿತು. ಹಾಡುಗಳನ್ನು ಡಿಸ್ಕಿಗೆ ತುಂಬಿ, ಆ ಹಾಳು ಅಪ್ಪಣೆಯನ್ನು ಅಳಿಸಿ, ಶಾರದೆಯನ್ನು ಸ್ಟೇಷನ್ನಿಗೆ ಓಡಿಸಿದೆ.

ಸಂಜೆ ಗಂಗೆಯಲ್ಲಿ ನಿಂತು ಬೊಗಸೆಯಲ್ಲಿ ನೀರು ಹಿಡಿದು ಗಂಭೀರವಾಗಿ ಘೋಷಿಸಿದೆ: "ಗಿರಿಜಾ, ಇವತ್ತಿಂದ ಕಂಪ್ಯೂಟರ್ ರಿಪೇರಿ ಬಿಟ್ಟೆ!"

"ಬರ್ತಿದ್ರೆ ತಾನೇ ರೀ ಬಿಡೋದು?" ಎಂದಳು ಮೆಟ್ಟಿಲ ಮೇಲಿಂದ. "ಇದೂ ಶಾರದೆ ಹಾಗಲಕಾಯಿನೇ!"